ಯೂದನಿಗೂ ಒಂದು ಅರ್ಥಗಾರಿಕೆ: ಬೈಬಲಿನ ಖಳರನ್ನು ಈಗ ಹೊಸದಾಗಿ ಓದುವುದು ಯಾಕೆ?

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಹಾಸನದ ಚರ್ಚುಗಳಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಶುರುವಾಗುತ್ತದೆ. ಕೆಲವು ಕಡೆ ಹುಡುಗ ಹುಡುಗಿಯರು ಸೇರಿ ಯೇಸುವಿನ ಕೊನೆಯ ದಿನಗಳ ರೂಪಕ ಆಡುತ್ತಾರೆ. ಪೇತ್ರನ ಪಾತ್ರಕ್ಕೆ, ಯೋಹಾನನ ಪಾತ್ರಕ್ಕೆ ಜನ ಬೇಗ ಸಿಗುತ್ತಾರೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಪಾತ್ರಕ್ಕೆ ಮಾತ್ರ ಸ್ವಲ್ಪ ಒತ್ತಾಯ ಮಾಡಬೇಕು. ಈಗ ಅದರ ಜೊತೆಗೆ ಪ್ರಶ್ನೆಯೂ ಬರುತ್ತದೆ. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿದ ಹುಡುಗ ಕೇಳುತ್ತಾನೆ: "ಫಾದರ್, ಯೂದ ಹಿಡಿದುಕೊಡದೇ ಇದ್ದಿದ್ರೆ ಶಿಲುಬೇನೇ ಇರ್ತಿರಲಿಲ್ಲ ಅಲ್ವಾ? ಹಾಗಿದ್ರೆ ಅವನು ಹೇಗೆ ದ್ರೋಹಿ?"

ಮನೆಯ ಹಿರಿಯರಿಗೆ ಇದನ್ನು ಕೇಳಿದರೆ ಕಸಿವಿಸಿ. ಬೈಬಲನ್ನೇ ಬದಲಾಯಿಸುತ್ತಿದ್ದಾರಾ ಅನ್ನುವ ಭಯ. ಕ್ರೈಸ್ತರಲ್ಲದವರಿಗೆ ಕುತೂಹಲವೇನೋ ಇದೆ, ಆದರೆ ಯೂದ ಯಾರು, ಪಿಲಾತ ಯಾರು ಎಂದು ಹೇಳಿಕೊಟ್ಟವರಿಲ್ಲ. ಗೊರೂರಿನ ಹತ್ತಿರ ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗೇಳುವ ಹಳೇ ಚರ್ಚಿನ ಮುಂದೆ ಎಷ್ಟೋ ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಕಾಲಕ್ಕೆ ಆ ಗೋಡೆಗಳ ಒಳಗೆ ಓದುತ್ತಿದ್ದ ಕಥೆಗಳು ಗೊತ್ತಿರುವವರು ಕಡಿಮೆ. ಅದಕ್ಕೇ ಬುಡದಿಂದ ಶುರು ಮಾಡುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ

ಬೈಬಲ್ ಒಂದೇ ಪುಸ್ತಕವಲ್ಲ, ಪುಸ್ತಕಗಳ ಕಟ್ಟು. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳಿವೆ, ಕ್ಯಾಥೊಲಿಕರದ್ದರಲ್ಲಿ 73. ಯೇಸುವಿಗಿಂತ ಹಿಂದಿನ ಭಾಗ ಹಳೆಯ ಒಡಂಬಡಿಕೆ. ಇದು ಯೆಹೂದ್ಯರಿಗೂ ಧರ್ಮಗ್ರಂಥ. ಯೇಸು ಮತ್ತು ಅವರ ಶಿಷ್ಯರ ಭಾಗ ಹೊಸ ಒಡಂಬಡಿಕೆ. ಅದರಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳು ನಾಲ್ಕು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಇವನ್ನು ಪ್ರೊಟೆಸ್ಟೆಂಟರು ಸುವಾರ್ತೆ ಅನ್ನುತ್ತಾರೆ, ಕ್ಯಾಥೊಲಿಕರು ಶುಭಸಂದೇಶ ಅನ್ನುತ್ತಾರೆ.

ಇಷ್ಟು ಪುಸ್ತಕಗಳನ್ನು ಬರೆದವರು ಬೇರೆ ಬೇರೆ ಕಾಲದವರು, ಬೇರೆ ಬೇರೆ ಊರಿನವರು. ಹಾಗಾಗಿ ಒಬ್ಬನೇ ವ್ಯಕ್ತಿ ಒಂದು ಪುಸ್ತಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಕಾಣುತ್ತಾನೆ. ಬೈಬಲ್ ತಾನಾಗಿ 'ಇವರು ನಾಯಕರು, ಇವರು ಖಳರು' ಎಂದು ಪಟ್ಟಿ ಕೊಡುವುದೂ ಇಲ್ಲ. ದಾವೀದ ದೊಡ್ಡ ಅರಸ. ಆದರೆ ಅವನು ಊರೀಯನ ಹೆಂಡತಿಯ ಮೇಲೆ ಕಣ್ಣು ಹಾಕಿ, ಊರೀಯನನ್ನು ಯುದ್ಧದಲ್ಲಿ ಮುಂದಕ್ಕೆ ನಿಲ್ಲಿಸಿ ಸಾಯಿಸಿದ್ದನ್ನು ಅದೇ ಪುಸ್ತಕ ಮುಚ್ಚಿಡದೆ ಹೇಳುತ್ತದೆ. ಪಟ್ಟಿ ಮಾಡಿದವರು ನಂತರದ ಓದುಗರು, ಚಿತ್ರಕಾರರು, ಪ್ರವಚನಕಾರರು, ನಾಟಕದವರು.

ತಾಳಮದ್ದಳೆ ಕೇಳಿದವರಿಗೆ ಇದು ಹೊಸತಲ್ಲ

ಮರುಓದು ಅಂದರೇನು ಎಂದು ತಿಳಿಯಲು ಕೊಪ್ಪ, ಶೃಂಗೇರಿ, ಕಳಸದ ಕಡೆಯವರು ದೂರ ಹೋಗಬೇಕಿಲ್ಲ. ತಾಳಮದ್ದಳೆಯಲ್ಲಿ 'ಕೃಷ್ಣ ಸಂಧಾನ' ಪ್ರಸಂಗ ನಡೆಯುತ್ತಿದೆ ಎಂದುಕೊಳ್ಳಿ. ಭಾಗವತರು ಹಾಡುವ ಪದ ಮೊದಲೇ ಬರೆದಿಟ್ಟದ್ದು. ಅದನ್ನು ಯಾರೂ ತಿದ್ದುವುದಿಲ್ಲ. ಪದ ಮುಗಿದ ಮೇಲೆ ಅರ್ಥಧಾರಿ ಮಾತಿಗೆ ಇಳಿಯುತ್ತಾರೆ. ಕೌರವನ ಅರ್ಥ ಹೇಳುವವರು ಗಟ್ಟಿಗರಾಗಿದ್ದರೆ ಕೃಷ್ಣನಿಗೇ ಬೆವರಿಳಿಸುತ್ತಾರೆ. ನನ್ನ ಅಪ್ಪ ಆಳಿದ ರಾಜ್ಯ, ಜೂಜಿನಲ್ಲಿ ಸೋತವರು ಅವರು, ಈಗ ನಾನು ಯಾಕೆ ಕೊಡಬೇಕು ಎಂದು ಕೇಳುತ್ತಾರೆ. ಸಭೆಯಲ್ಲಿ ಕೂತವರಿಗೆ ಒಂದು ಗಳಿಗೆ 'ಹೌದಲ್ಲ' ಅನಿಸುತ್ತದೆ. ಆದರೂ ಸಂಧಾನ ಮುರಿದೇ ಮುರಿಯುತ್ತದೆ. ಕೌರವ ಗೆಲ್ಲುವುದಿಲ್ಲ. ಅರ್ಥಧಾರಿ ಪ್ರಸಂಗವನ್ನು ಬದಲಾಯಿಸಲಿಲ್ಲ. ಪದ ಬಾಯಿಬಿಡದ ಜಾಗದಲ್ಲಿ ಮಾತು ತುಂಬಿದರು.

ಬೈಬಲಿನ ಖಳರ ಮರುಓದೂ ಬಹುಪಾಲು ಇದೇ. ಮೂಲದ ಮಾತು ಹಾಗೇ ಇರುತ್ತದೆ. ಮೂಲ ಸುಮ್ಮನಿರುವ ಕಡೆ ಪ್ರಶ್ನೆ ಕೇಳುತ್ತಾರೆ. ಕನ್ನಡಕ್ಕೆ ಈ ಅಭ್ಯಾಸ ಹತ್ತನೇ ಶತಮಾನದಿಂದ ಇದೆ. ರನ್ನನ ದುರ್ಯೋಧನ ಕುರುಕ್ಷೇತ್ರದ ಹೆಣಗಳ ನಡುವೆ ನಡೆಯುವಾಗ ನಮ್ಮ ಕಣ್ಣಲ್ಲೂ ನೀರು ಬರುತ್ತದೆ. ನಾಗಚಂದ್ರನ ರಾವಣ ಸೀತೆಯ ದೃಢತೆ ಕಂಡು ತಾನೇ ಪಶ್ಚಾತ್ತಾಪಪಡುತ್ತಾನೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ರಾಮಾಯಣದಲ್ಲೂ ರಾವಣ ಒಳಗೊಳಗೇ ಬದಲಾಗುತ್ತಾನೆ. ಹಾಗಾಗಿ 'ಯೂದನ ಪರ ವಾದ' ಎಂದ ತಕ್ಷಣ ಇದೇನೋ ಹೊರಗಿನ ಹುನ್ನಾರ ಎಂದು ಗಾಬರಿಯಾಗುವ ಅಗತ್ಯ ನನಗಂತೂ ಕಾಣುವುದಿಲ್ಲ.

ಯೂದ: ನಾಲ್ಕು ಪುಸ್ತಕ, ನಾಲ್ಕು ಬಗೆ

ಇಸ್ಕರಿಯೋತ ಯೂದ ಯೇಸುವಿನ 12 ಮಂದಿ ಶಿಷ್ಯರಲ್ಲಿ ಒಬ್ಬ. ಯೆರೂಸಲೇಮಿನ ಮುಖ್ಯ ಯಾಜಕರ ಜೊತೆ ಒಪ್ಪಂದ ಮಾಡಿಕೊಂಡು, ಗೆತ್ಸೇಮನೆ ತೋಟದಲ್ಲಿ ರಾತ್ರಿ ಯೇಸುವನ್ನು ಹಿಡಿದುಕೊಟ್ಟ. ಗುರುತಿಗೆ ಮುದ್ದಿಟ್ಟ. ಇಷ್ಟು ಎಲ್ಲರಿಗೂ ಗೊತ್ತು. ಯಾಕೆ ಹಾಗೆ ಮಾಡಿದ? ಕಷ್ಟ ಶುರುವಾಗುವುದು ಇಲ್ಲೇ.

ನಾಲ್ಕರಲ್ಲಿ ಮೊದಲು ಬರೆದದ್ದು ಮಾರ್ಕ, ಸುಮಾರು ಕ್ರಿ.ಶ. 70ರ ಆಸುಪಾಸು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಾರ್ಕ ಕಾರಣವನ್ನೇ ಹೇಳುವುದಿಲ್ಲ. ಯೂದ ತಾನಾಗಿ ಯಾಜಕರ ಹತ್ತಿರ ಹೋದ, ಅವರು ಸಂತೋಷಪಟ್ಟು ಹಣ ಕೊಡುತ್ತೇವೆ ಅಂದರು, ಅಷ್ಟೇ. ಮತ್ತಾಯದಲ್ಲಿ ಯೂದನೇ 'ನನಗೆ ಏನು ಕೊಡುತ್ತೀರಿ' ಎಂದು ಕೇಳುತ್ತಾನೆ. 30 ಬೆಳ್ಳಿ ನಾಣ್ಯದ ಲೆಕ್ಕ ಬರುವುದೂ ಮತ್ತಾಯದಲ್ಲಿ ಮಾತ್ರ. ಆ ಮೊತ್ತಕ್ಕೂ ಒಂದು ಹಿನ್ನೆಲೆ ಇದೆ. ಹಳೆಯ ಒಡಂಬಡಿಕೆಯ ವಿಮೋಚನಕಾಂಡದಲ್ಲಿ, ಎತ್ತು ಹಾಯ್ದು ಒಬ್ಬ ಗುಲಾಮ ಸತ್ತರೆ ಅವನ ಒಡೆಯನಿಗೆ ಕೊಡಬೇಕಾದ ಬೆಲೆ 30 ಬೆಳ್ಳಿ. ಲೂಕ 'ಸೈತಾನ ಅವನೊಳಗೆ ಹೊಕ್ಕ' ಎನ್ನುತ್ತಾನೆ. ಯೋಹಾನ ಅದನ್ನೂ ಹೇಳಿ, ಯೂದ ಶಿಷ್ಯರ ಹಣದ ಚೀಲ ಇಟ್ಟುಕೊಂಡಿದ್ದ, ಅದರಿಂದ ಕದಿಯುತ್ತಿದ್ದ ಎಂದೂ ಸೇರಿಸುತ್ತಾನೆ. ಬರೆದ ಕಾಲದ ಕ್ರಮದಲ್ಲಿ ಓದುತ್ತಾ ಹೋದರೆ ಯೂದ ಹೆಚ್ಚು ಹೆಚ್ಚು ಕಪ್ಪಾಗುತ್ತಾ ಹೋಗುತ್ತಾನೆ. ಇದನ್ನು ಕಂಡುಕೊಳ್ಳಲು ಯಾವ ರಹಸ್ಯ ಗ್ರಂಥವೂ ಬೇಡ. ಮನೆಯಲ್ಲಿರುವ ಬೈಬಲ್ ಸಾಕು.

ಸಾವಿನ ಕಥೆಯೂ ಎರಡು. ಮತ್ತಾಯದ 27ನೇ ಅಧ್ಯಾಯದಲ್ಲಿ ಯೂದನಿಗೆ ಪಶ್ಚಾತ್ತಾಪವಾಗುತ್ತದೆ. ನಾಣ್ಯ ಹಿಡಿದು ಯಾಜಕರ ಹತ್ತಿರ ವಾಪಸ್ ಹೋಗುತ್ತಾನೆ. ತಪ್ಪಿಲ್ಲದವನನ್ನು ಸಾವಿಗೆ ಕೊಟ್ಟು ಪಾಪ ಮಾಡಿದೆ ಎನ್ನುತ್ತಾನೆ. ಅವರು 'ಅದು ನಮಗೇನು? ನೀನೇ ನೋಡಿಕೋ' ಎಂದುಬಿಡುತ್ತಾರೆ. ಅವನು ದೇವಾಲಯದೊಳಗೆ ನಾಣ್ಯ ಎಸೆದು ಹೋಗಿ ಉರುಲು ಹಾಕಿಕೊಳ್ಳುತ್ತಾನೆ. ಯಾಜಕರು ಆ ದುಡ್ಡನ್ನು ಹುಂಡಿಗೆ ಹಾಕಲು ಒಪ್ಪದೆ, ಪರದೇಶಿಗಳನ್ನು ಹೂಳಲು ಕುಂಬಾರನ ಹೊಲ ಕೊಳ್ಳುತ್ತಾರೆ. ಅಪೊಸ್ತಲರ ಕೃತ್ಯಗಳು ಪುಸ್ತಕದ ಮೊದಲ ಅಧ್ಯಾಯದಲ್ಲಿ ಮಾತ್ರ ಹೊಲ ಕೊಂಡವನು ಯೂದನೇ. ಅಲ್ಲೇ ಬಿದ್ದು ಹೊಟ್ಟೆ ಒಡೆದು ಸಾಯುತ್ತಾನೆ. ಪಶ್ಚಾತ್ತಾಪದ ಸುದ್ದಿಯೇ ಇಲ್ಲ.

ಯೂದನ ಪಕ್ಕದಲ್ಲಿ ಪೇತ್ರನನ್ನು ನಿಲ್ಲಿಸಿ ನೋಡಿ. ಅದೇ ರಾತ್ರಿ ಪೇತ್ರ ಮೂರು ಸಲ 'ಆ ಮನುಷ್ಯನನ್ನು ನಾನರಿಯೆ' ಅಂದ. ಕೋಳಿ ಕೂಗಿತು. ಬಹಳ ಅತ್ತ. ಯೂದನೂ ನೊಂದ. ಪೇತ್ರ ಬದುಕಿದ್ದ, ಪುನರುತ್ಥಾನದ ಮೇಲೆ ಯೇಸು ಅವನನ್ನು ಮತ್ತೆ ಹತ್ತಿರ ಕರೆದರು. ಯೂದ ಅಷ್ಟು ಹೊತ್ತಿಗೆ ಸತ್ತಿದ್ದ. ಇಬ್ಬರ ನಡುವಿನ ಈ ಅಂತರವೇ ಇವತ್ತಿನ ಮರುಓದುಗಳಿಗೆ ದೊಡ್ಡ ಮೇವು. ಉಳಿದದ್ದೆಲ್ಲ ಇದರ ಮುಂದೆ ಸಣ್ಣದು ಎಂದು ನನಗೆ ಅನ್ನಿಸುತ್ತದೆ.

ಕಾರಣ ತುಂಬುವ ಪ್ರಯತ್ನಗಳು ಬೇಕಾದಷ್ಟಿವೆ. 19ನೇ ಶತಮಾನದ ಯೂರೋಪಿನ ಕೆಲವು ಬರಹಗಾರರು ಯೂದನನ್ನು ಆತುರದ ದೇಶಭಕ್ತನಾಗಿ ಕಂಡರು. ರೋಮನ್ನರ ವಿರುದ್ಧ ಯೇಸು ಎದ್ದು ನಿಲ್ಲಲಿ ಎಂದು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದ, ಇಷ್ಟು ದೂರ ಹೋಗುತ್ತದೆ ಎಂದುಕೊಂಡಿರಲಿಲ್ಲ ಎಂದು ವಾದಿಸಿದರು. 1970ರಲ್ಲಿ ಬಂದ 'ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್' ಎಂಬ ರಾಕ್ ಸಂಗೀತ ರೂಪಕದಲ್ಲಿ ಕಥೆಯ ಅರ್ಧ ಭಾರ ಯೂದನ ಮೇಲೇ ಇದೆ. ಜನ ಕೈಮೀರುತ್ತಿದ್ದಾರೆ, ರೋಮನ್ನರು ಸುಮ್ನೆ ಬಿಡುವುದಿಲ್ಲ ಎಂದು ಅವನು ಹೆದರುತ್ತಾನೆ. ಇವೆಲ್ಲ ಕಲ್ಪನೆ. ನಾಟಕವಾಗಿ ಚೆನ್ನಾಗಿವೆ, ಯೋಚನೆಗೆ ಹಚ್ಚುತ್ತವೆ. ಆದರೆ ಇದೇ ಇತಿಹಾಸ ಎಂದು ಯಾರಾದರೂ ವಿಡಿಯೊದಲ್ಲಿ ಹೇಳಿದರೆ ನಂಬಬೇಡಿ. ಬೈಬಲಿನಲ್ಲಿ ಇದಕ್ಕೆ ನೇರ ಆಧಾರವಿಲ್ಲ.

'ಯೂದನ ಸುವಾರ್ತೆ' ಅಂದರೇನು?

ಜಾಸ್ತಿ ಗೊಂದಲ ಆಗುವುದು ಇದರಲ್ಲಿ. ಹೆಸರು ಕೇಳಿದರೆ ಯೂದನೇ ಬರೆದದ್ದು ಅನ್ನಿಸುತ್ತದೆ. ಅಲ್ಲ. ಯೂದ ಸತ್ತು ನೂರು ವರ್ಷದ ಮೇಲೆ, ಎರಡನೇ ಶತಮಾನದಲ್ಲಿ ಹುಟ್ಟಿದ ಬರಹ ಅದು. ಫ್ರಾನ್ಸಿನ ಲಿಯೋನ್ ಪಟ್ಟಣದ ಧರ್ಮಾಧ್ಯಕ್ಷ ಇರಿನೇಯಸ್ ಸುಮಾರು ಕ್ರಿ.ಶ. 180ರಲ್ಲೇ ಇಂಥದ್ದೊಂದು ಪುಸ್ತಕ ಇದೆ, ಅದು ಕಟ್ಟುಕಥೆ ಎಂದು ಬರೆದಿದ್ದರು. ಆಮೇಲೆ ಅದು ಕಳೆದೇ ಹೋಗಿತ್ತು.

1970ರ ದಶಕದಲ್ಲಿ ಈಜಿಪ್ಟಿನಲ್ಲಿ ಅದರ ಒಂದು ಪ್ರತಿ ಸಿಕ್ಕಿತು. ಪಪೈರಸ್ ಹಾಳೆಗಳ ಮೇಲೆ, ಈಜಿಪ್ಟಿನ ಹಳೇ ಕ್ರೈಸ್ತರ ಕಾಪ್ಟಿಕ್ ಭಾಷೆಯಲ್ಲಿ ಬರೆದದ್ದು. ಹಳೇ ವಸ್ತುಗಳ ವ್ಯಾಪಾರಿಗಳ ಕೈಯಲ್ಲಿ ಅದು ಪಟ್ಟ ಪಾಡು ಕೇಳಿದರೆ ಹೊಟ್ಟೆ ಉರಿಯುತ್ತದೆ. ಅಮೆರಿಕದಲ್ಲಿ ಒಂದು ಬ್ಯಾಂಕಿನ ಲಾಕರಿನಲ್ಲಿ 16 ವರ್ಷ ಕೊಳೆಯಿತು. ಆಮೇಲೆ ಒಬ್ಬರು ಫ್ರೀಜರಿನಲ್ಲಿಟ್ಟರು. ಹಾಳೆಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದವು. ಸ್ವಿಟ್ಜರ್ಲೆಂಡಿನಲ್ಲಿ ಪರಿಣತರು ಚೂರು ಚೂರು ಹೊಂದಿಸಿದ ಮೇಲೆ, 2006ರ ಏಪ್ರಿಲಿನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆ ಅದನ್ನು ಪ್ರಕಟಿಸಿತು. ಇಂಗಾಲದ ಪರೀಕ್ಷೆ ಪ್ರಕಾರ ಆ ಹಾಳೆಗಳು ಕ್ರಿ.ಶ. 220ರಿಂದ 340ರ ನಡುವಿನವು.

ಅದರಲ್ಲಿ ಏನಿದೆ? ಉಳಿದ ಶಿಷ್ಯರಿಗೆ ಯೇಸು ಯಾರೆಂದೇ ಅರ್ಥವಾಗಿಲ್ಲ, ಯೂದನಿಗೆ ಮಾತ್ರ ಗೊತ್ತು. ದೇಹ ಒಂದು ಸೆರೆಮನೆ, ಅದರಿಂದ ಬಿಡುಗಡೆ ಸಿಗಲು ಯೂದ ಯೇಸುವನ್ನು ಹಿಡಿದುಕೊಡಬೇಕು. ಹೀಗೆ ಸಾಗುತ್ತದೆ. ಲೋಕ, ದೇಹ ಎಲ್ಲ ಕೀಳು, ಗುಪ್ತ ಜ್ಞಾನವೊಂದೇ ಬಿಡುಗಡೆಯ ದಾರಿ ಎಂದು ನಂಬುತ್ತಿದ್ದ ಆ ಕಾಲದ ಒಂದು ಪಂಗಡದ ಬರಹ ಇದು. ಮೊದಲು ಪ್ರಕಟಿಸಿದವರು 'ಯೂದ ಇಲ್ಲಿ ನಾಯಕ' ಅಂದರು. ಮರು ವರ್ಷವೇ ಬೇರೆ ವಿದ್ವಾಂಸರು, ಇಲ್ಲ, ಈ ಬರಹದಲ್ಲೂ ಅವನು ಒಳ್ಳೆಯವನಲ್ಲ ಎಂದು ವಾದ ಹೂಡಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಒಂದಂತೂ ನಿಜ. ಯೂದನ ಬಗ್ಗೆ ಹೊಸ ಸತ್ಯ ಇದರಿಂದ ಸಿಗುವುದಿಲ್ಲ. ಎರಡನೇ ಶತಮಾನದಲ್ಲೇ ಜನ 'ಯೂದ ಯಾಕೆ ಹಾಗೆ ಮಾಡಿದ' ಎಂದು ತಲೆ ಕೆಡಿಸಿಕೊಂಡಿದ್ದರು ಎಂಬುದು ಮಾತ್ರ ಸಿಗುತ್ತದೆ. ರೂಪಕದ ಹುಡುಗ ಕೇಳಿದ ಪ್ರಶ್ನೆಗೆ ಸುಮಾರು 1,800 ವರ್ಷ ವಯಸ್ಸು.

ಕಿಟಕಿಯಲ್ಲಿ ನಿಂತ ರಾಣಿ

ಯೂದನ ನಂತರ ಹೆಚ್ಚು ಚರ್ಚೆಯಾಗುವ ಹೆಸರು ಈಜೆಬೆಲ್. ಕ್ರಿ.ಪೂ. 9ನೇ ಶತಮಾನ. ಸಮುದ್ರ ತೀರದ ಸೀದೋನಿನ ರಾಜಕುಮಾರಿ. ಇಸ್ರಾಯೇಲಿನ ಅರಸ ಅಹಾಬನಿಗೆ ಕೊಟ್ಟು ಮದುವೆಯಾಯಿತು. ತವರಿನ ದೇವರು ಬಾಳನ ಪೂಜೆಯನ್ನು ಗಂಡನ ಊರಿಗೆ ತಂದಳು, ಇಸ್ರಾಯೇಲರ ದೇವರು ಯೆಹೋವನ ಪ್ರವಾದಿಗಳನ್ನು ಕೊಲ್ಲಿಸಿದಳು ಎನ್ನುತ್ತದೆ ಅರಸುಗಳು ಪುಸ್ತಕ. ಪ್ರವಾದಿ ಎಲೀಯ ಅವಳ ಎದುರಾಳಿ. ಅವನು ಬಾಳನ 450 ಪ್ರವಾದಿಗಳನ್ನು ಕೀಷೋನ್ ಹಳ್ಳದ ಬಳಿ ಕೊಲ್ಲಿಸಿದ. ಎರಡೂ ಕಡೆ ಕೊಲೆ ನಡೆದಿದೆ. ಒಬ್ಬ ಪ್ರವಾದಿ, ಒಬ್ಬಳು ಖಳನಾಯಕಿ. ಅದೇ ಕಥೆಯನ್ನು ಸೀದೋನಿನವರು ಬರೆದಿದ್ದರೆ ಹೇಗಿರುತ್ತಿತ್ತು ಎಂದು ಸ್ತ್ರೀವಾದಿ ಬೈಬಲ್ ವಿದ್ವಾಂಸರು ಕೇಳಿದರು.

ಕಥೆ ಈಗಿನ ರೂಪಕ್ಕೆ ಬಂದದ್ದು ಕ್ರಿ.ಪೂ. 6ನೇ ಶತಮಾನದ ಹೊತ್ತಿಗೆ, ಅಂದರೆ ಅವಳು ಸತ್ತು ಸುಮಾರು 300 ವರ್ಷಕ್ಕೆ ಎಂದು ಬಹುತೇಕ ವಿದ್ವಾಂಸರು ಹೇಳುತ್ತಾರೆ. ಅಷ್ಟರಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ನೆಲಸಮ ಮಾಡಿದ್ದರು. ನಮಗೆ ಈ ಗತಿ ಯಾಕೆ ಬಂತು ಎಂದು ಜನ ಕೇಳುತ್ತಿದ್ದ ಕಾಲ. ಅನ್ಯ ದೇವರ ಪೂಜೆಯೇ ಕಾರಣ ಎನ್ನುವುದು ಆ ಬರಹಗಾರರ ಉತ್ತರ. ಆ ಉತ್ತರಕ್ಕೆ ಈಜೆಬೆಲಳಿಗಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

ಅವಳ ಕೊನೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಸೇನಾಪತಿ ಯೇಹು ದಂಗೆ ಎದ್ದು ಅವಳ ಮಗನನ್ನು ಕೊಂದು ಅರಮನೆಗೆ ಬರುತ್ತಿದ್ದಾನೆ. ಸುದ್ದಿ ಅವಳಿಗೆ ಮುಟ್ಟಿದೆ. ಅವಳು ಓಡಿಹೋಗುವುದಿಲ್ಲ. ಕಣ್ಣಿಗೆ ಕಾಡಿಗೆ ಹಚ್ಚಿ, ತಲೆ ಬಾಚಿಕೊಂಡು ಕಿಟಕಿಗೆ ಬಂದು ನಿಲ್ಲುತ್ತಾಳೆ. 'ಒಡೆಯನನ್ನು ಕೊಂದ ಜಿಮ್ರಿಯೇ, ಕ್ಷೇಮವೋ?' ಎಂದು ಕೇಳುತ್ತಾಳೆ. ಜಿಮ್ರಿ ಅಂದರೆ ಹಿಂದೆ ಹೀಗೇ ಅರಸನನ್ನು ಕೊಂದು ಸಿಂಹಾಸನ ಹತ್ತಿ, ಏಳೇ ದಿನಕ್ಕೆ ಸತ್ತವನು. ಸಾವು ಬಾಗಿಲಲ್ಲಿ ನಿಂತಿರುವಾಗ ಎಂಥ ಮಾತು! ಯೇಹು ಕೆಳಗಿಂದ ಕೂಗಿದಾಗ ಅವಳ ಕಂಚುಕಿಗಳೇ ಅವಳನ್ನು ಕೆಳಗೆ ದೂಡುತ್ತಾರೆ. ಯೇಹು ಒಳಗೆ ಹೋಗಿ ಊಟ ಮಾಡುತ್ತಾನೆ. ಆಮೇಲೆ, ಎಷ್ಟಾದರೂ ರಾಜನ ಮಗಳು, ಹೂಳಿ ಎನ್ನುತ್ತಾನೆ. ಹೋಗಿ ನೋಡಿದರೆ ನಾಯಿಗಳು ತಿಂದು ಉಳಿದದ್ದು ತಲೆಬುರುಡೆ, ಪಾದ, ಅಂಗೈ ಮಾತ್ರ.

ಶತಮಾನಗಳ ಕಾಲ ಓದುಗರು ಈ ಕಾಡಿಗೆಯನ್ನು ಹಿಡಿದುಕೊಂಡರು. ಗಂಡಸನ್ನು ಮರುಳು ಮಾಡಲು ಸಿಂಗಾರ ಎಂದರು. ಕೆಟ್ಟ ನಡತೆಯ ಹೆಂಗಸಿಗೆ ಈಜೆಬೆಲ್ ಎಂಬ ಹೆಸರು ಬೈಗುಳವಾಯಿತು. ಅಮೆರಿಕದಲ್ಲಿ ಗುಲಾಮಗಿರಿಯ ಕಾಲದಲ್ಲಿ ಕಪ್ಪು ಹೆಣ್ಣುಮಕ್ಕಳಿಗೆ ಅದೇ ಹೆಸರು ಅಂಟಿಸಿ, ಅವರ ಮೇಲಿನ ಅತ್ಯಾಚಾರಕ್ಕೆ ನೆಪ ಮಾಡಿಕೊಂಡರು. ಆದರೆ ಕಥೆಯಲ್ಲಿ ಅವಳು ಪರಪುರುಷನ ಜೊತೆ ಹೋದ ಒಂದು ಪ್ರಸಂಗವೂ ಇಲ್ಲ. ಯೇಹು 'ವ್ಯಭಿಚಾರ' ಎಂದು ದೂರುತ್ತಾನೆ ನಿಜ. ಹಳೆಯ ಒಡಂಬಡಿಕೆಯ ಪ್ರವಾದಿಗಳು ಅನ್ಯ ದೇವರ ಪೂಜೆಯನ್ನೇ ಹಾಗೆ ಕರೆಯುತ್ತಿದ್ದರು. ಸಾಯುವಾಗಲೂ ರಾಣಿಯಾಗಿಯೇ ಸಾಯುತ್ತೇನೆ ಎಂದು ಸಜ್ಜಾದಳು ಎನ್ನುವುದು ಈಗಿನ ಓದು. ನನಗೆ ಮೂಲಕ್ಕೆ ಇದೇ ಹತ್ತಿರ ಅನ್ನಿಸುತ್ತದೆ.

ಆದರೆ ನಾಬೋತನನ್ನು ಮರೆಯಬಾರದು. ಅರಮನೆಯ ಪಕ್ಕದಲ್ಲೇ ಅವನ ದ್ರಾಕ್ಷಿ ತೋಟ ಇತ್ತು. ಅಹಾಬ ಕೇಳಿದ, ಬದಲಿ ತೋಟ ಕೊಡುತ್ತೇನೆ ಅಂದ, ದುಡ್ಡು ಕೊಡುತ್ತೇನೆ ಅಂದ. ಪಿತ್ರಾರ್ಜಿತ, ಕೊಡುವುದಿಲ್ಲ ಎಂದ ನಾಬೋತ. ತೋಟದ ಬೆಲೆ ಗೊತ್ತಿರುವ ನಮ್ಮ ಕಡೆಯವರಿಗೆ ಈ ಮಾತಿನ ತೂಕ ಹೇಳಿಕೊಡಬೇಕಿಲ್ಲ. ಈಜೆಬೆಲ್ ಅರಸನ ಮುದ್ರೆ ಒತ್ತಿ ಪತ್ರ ಬರೆದು, ಇಬ್ಬರು ಸುಳ್ಳು ಸಾಕ್ಷಿ ನಿಲ್ಲಿಸಿ, ಅವನನ್ನು ಕಲ್ಲು ಹೊಡೆಸಿ ಕೊಲ್ಲಿಸಿದಳು. ಕೆಲವು ಹೊಸ ಬರಹಗಳು ರಾಣಿಯ ಧೈರ್ಯ ಹೊಗಳುವ ಭರದಲ್ಲಿ ಈ ರೈತನನ್ನು ಪಕ್ಕಕ್ಕೆ ಸರಿಸುತ್ತವೆ. ಅದು ಸರಿಯಲ್ಲ. ಖಳನ ಮಾತು ಕೇಳಿಸಿಕೊಳ್ಳಬೇಕು, ಅದಕ್ಕಾಗಿ ಸತ್ತವನ ಬಾಯಿ ಮುಚ್ಚಬಾರದು.

ಭಾರತದಲ್ಲಿ ಈ ಬಗೆಯ ಓದು ಬೇರೆ ದಾರಿ ಹಿಡಿಯಿತು. 1980ರ ದಶಕದ ಶುರುವಿನಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಿಂದ ಎ.ಪಿ. ನಿರ್ಮಲ್ ಅವರು ದಲಿತ ದೈವಶಾಸ್ತ್ರಕ್ಕೆ ದಾರಿ ಮಾಡಿದರು. ಕಥೆಯಲ್ಲಿ ತುಳಿತಕ್ಕೆ ಸಿಕ್ಕವರ ಜಾಗದಲ್ಲಿ ಕೂತು ಬೈಬಲ್ ಓದಬೇಕು ಎನ್ನುವುದು ಅದರ ತಿರುಳು. ಹಾಗೆ ಕೂತು ನೋಡಿದರೆ ಮೊದಲು ಕಣ್ಣಿಗೆ ಬೀಳುವವನು ನಾಬೋತನೇ.

ಕಾಯಿನ, ಹಾಮ, ಸೈತಾನ

ಇವರನ್ನು ಬೇಗ ನೋಡೋಣ. ಆದಾಮ ಹವ್ವರ ಮಗ ಕಾಯಿನ ತಮ್ಮ ಹೇಬೆಲನನ್ನು ಕೊಂದ. ದೇವರು ತಮ್ಮನ ಕಾಣಿಕೆ ಮೆಚ್ಚಿದರು, ಇವನದ್ದನ್ನು ಮೆಚ್ಚಲಿಲ್ಲ. ಯಾಕೆ ಎಂದು ಆದಿಕಾಂಡ ಬಿಡಿಸಿ ಹೇಳುವುದಿಲ್ಲ. ಕೊಲೆಯ ಮೇಲೆ ದೇವರು ಅವನ ಮೇಲೆ ಒಂದು ಗುರುತು ಇಟ್ಟರು. ಅದು ಶಿಕ್ಷೆ ಎಂದು ಬಹಳ ಜನ ತಿಳಿದಿದ್ದಾರೆ. ಮೂಲದಲ್ಲಿ ಅದು ರಕ್ಷಣೆ. ಯಾರೂ ಅವನನ್ನು ಕೊಲ್ಲದಿರಲಿ ಎಂದು ಇಟ್ಟದ್ದು.

ನೋಹನ ಮಗ ಹಾಮ ತಂದೆ ಕುಡಿದು ಬೆತ್ತಲೆ ಮಲಗಿದ್ದನ್ನು ನೋಡಿದ. ನೋಹ ಎದ್ದು ಶಾಪ ಹಾಕಿದ್ದು ಹಾಮನಿಗಲ್ಲ, ಹಾಮನ ಮಗ ಕಾನಾನನಿಗೆ. ಮೈ ಬಣ್ಣದ ಮಾತೇ ಅಲ್ಲಿಲ್ಲ. ಆದರೂ ಆಫ್ರಿಕದವರು ಹಾಮನ ಸಂತತಿ, ಗುಲಾಮರಾಗಲು ಶಾಪ ಪಡೆದವರು ಎಂದು ಗುಲಾಮರ ಒಡೆಯರು ನೂರಾರು ವರ್ಷ ಪ್ರಚಾರ ಮಾಡಿದರು. ಇಲ್ಲಿ ಮರುಓದು ಅಂದರೆ ಹೊಸದೇನೂ ಅಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆ ಓದುವುದು, ಅಷ್ಟೇ.

ಸೈತಾನನದ್ದು ಇನ್ನೂ ಸೋಜಿಗ. ಯೋಬನ ಪುಸ್ತಕದಲ್ಲಿ ಅವನು ದೇವರ ಸಭೆಗೆ ಬಂದು ಮಾತಾಡುತ್ತಾನೆ, ದೇವರ ಅಪ್ಪಣೆ ಪಡೆದೇ ಯೋಬನನ್ನು ಪರೀಕ್ಷಿಸುತ್ತಾನೆ. ಏದೆನ್ ತೋಟದ ಹಾವನ್ನು ಆದಿಕಾಂಡ ಎಲ್ಲೂ ಸೈತಾನ ಎಂದು ಕರೆಯುವುದಿಲ್ಲ. ದಾವೀದ ಜನಗಣತಿ ಮಾಡಿಸಿದ್ದು ತಪ್ಪಾಯಿತು. ಅವನನ್ನು ಪ್ರೇರೇಪಿಸಿದ್ದು ಯಾರು? ಎರಡನೆಯ ಸಮುವೇಲದ 24ನೇ ಅಧ್ಯಾಯದಲ್ಲಿ ಯೆಹೋವನ ಕೋಪ. ಅದಕ್ಕಿಂತ ಆಮೇಲೆ ಬರೆದ ಮೊದಲನೆಯ ಪೂರ್ವಕಾಲವೃತ್ತಾಂತದ 21ನೇ ಅಧ್ಯಾಯದಲ್ಲಿ ಸೈತಾನ. ಘಟನೆ ಒಂದೇ. ಕೆಡುಕಿನ ಹೊಣೆಯನ್ನು ದೇವರ ಮೇಲೆ ಹೊರಿಸುವುದು ಕಷ್ಟವೆನಿಸಿದಂತೆ ಆ ಹೊಣೆ ಹೊರುವ ಇನ್ನೊಬ್ಬ ನಿಧಾನವಾಗಿ ಬೆಳೆದ ಎಂದು ಬೈಬಲ್ ಇತಿಹಾಸಕಾರರು ಇದನ್ನು ವಿವರಿಸುತ್ತಾರೆ. ಅವನಿಗೆ ವೀರಾವೇಶದ ಮಾತು ಕೊಟ್ಟದ್ದು ಬಹಳ ಆಮೇಲೆ, 1667ರಲ್ಲಿ, ಇಂಗ್ಲಿಷ್ ಕವಿ ಮಿಲ್ಟನ್. ಸಿನಿಮಾ, ಸೀರಿಯಲ್ಲುಗಳ ಚೆಂದದ ಸೈತಾನ ಬಂದದ್ದು ಹೆಚ್ಚಾಗಿ ಆ ಕವಿತೆಯ ದಾರಿಯಲ್ಲಿ.

ಪಿಲಾತ ಕೈ ತೊಳೆದುಕೊಂಡ, ಹೊಣೆ ಯಾರ ಮೇಲೆ ಬಿತ್ತು?

ಪೊಂತ್ಯ ಪಿಲಾತ ಕ್ರಿ.ಶ. 26ರಿಂದ 36ರವರೆಗೆ ಯೆರೂಸಲೇಮ್ ಇದ್ದ ಯೂದಾಯ ಪ್ರಾಂತದ ರೋಮನ್ ಅಧಿಕಾರಿ, ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟವನು. 1961ರಲ್ಲಿ ಕೈಸರೈಯದಲ್ಲಿ ಅವನ ಹೆಸರು ಕೆತ್ತಿದ ಕಲ್ಲು ಸಿಕ್ಕಿದೆ, ಹಾಗಾಗಿ ಅವನು ಇದ್ದದ್ದರಲ್ಲಿ ಅನುಮಾನವಿಲ್ಲ. ಸುವಾರ್ತೆಗಳಲ್ಲಿ ಅವನು ಅಳ್ಳೆದೆಯವನು. ಯೇಸು ನಿರಪರಾಧಿ ಎಂದು ಗೊತ್ತಿದ್ದೂ ಗುಂಪಿಗೆ ಹೆದರಿ, ನೀರು ತರಿಸಿ ಕೈ ತೊಳೆದುಕೊಳ್ಳುತ್ತಾನೆ. ಅದೇ ಕಾಲದ ಯೆಹೂದ್ಯ ಬರಹಗಾರ ಫಿಲೋ, ಆಮೇಲಿನ ಇತಿಹಾಸಕಾರ ಜೋಸೆಫಸ್ ಕಂಡ ಪಿಲಾತನೇ ಬೇರೆ. ಒರಟ, ಜನ ಸತ್ತರೆ ಲೆಕ್ಕಕ್ಕಿಲ್ಲ. ಸಮಾರ್ಯದವರ ಮೇಲೆ ನಡೆಸಿದ ಕೊಲೆಗಳಿಂದಲೇ ಅವನ ಅಧಿಕಾರ ಹೋಯಿತು. ಇನ್ನೊಂದು ಕಡೆ ಇಥಿಯೋಪಿಯದ ಆರ್ಥೊಡಾಕ್ಸ್ ಚರ್ಚು ಅವನನ್ನು ಸಂತನೆಂದೇ ಗೌರವಿಸುತ್ತದೆ.

ಶಿಲುಬೆ ರೋಮನ್ನರ ಶಿಕ್ಷೆ. ಆದರೆ ರೋಮಿನ ಕೆಳಗೇ ಬದುಕಬೇಕಿದ್ದ ಮೊದಲ ಕ್ರೈಸ್ತರಿಗೆ ರೋಮನ್ ಅಧಿಕಾರಿಯನ್ನು ಬಹಿರಂಗವಾಗಿ ದೂರುವುದು ಸುಲಭವಿರಲಿಲ್ಲ ಎಂದು ಇತಿಹಾಸಕಾರರು ಹೇಳುತ್ತಾರೆ. ಪಿಲಾತ ಹಗುರಾದಷ್ಟೂ ಹೊರೆ ಯೆಹೂದ್ಯರ ಮೇಲೆ ಬಿತ್ತು. 'ಅವನ ರಕ್ತ ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ' ಎಂದು ಗುಂಪು ಕೂಗುವ ಮಾತು ಮತ್ತಾಯದಲ್ಲಿದೆ. ಆ ಒಂದು ಸಾಲು ಹಿಡಿದು ಯೂರೋಪಿನಲ್ಲಿ ಒಂದು ಇಡೀ ಜನಾಂಗವನ್ನು ದೇವರನ್ನು ಕೊಂದವರು ಎಂದರು. ಚಿತ್ರಕಾರರು ಯೂದನಿಗೆ ಹಳದಿ ಬಟ್ಟೆ ಉಡಿಸಿದರು. ಯೆಹೂದ್ಯರಿಗೂ ಹಲವು ಕಡೆ ಹಳದಿ ಗುರುತು ಹಾಕಿಸಿದರು. ಯೇಸು, ಮರಿಯಮ್ಮ, ಪೇತ್ರ ಎಲ್ಲರೂ ಯೆಹೂದ್ಯರೇ ಎಂಬುದು ಮರೆತೇ ಹೋಗಿತ್ತು. ಖಳರನ್ನು ಹೇಗೆ ಓದುತ್ತೇವೆ ಎಂಬುದು ಬರೀ ಪಂಡಿತರ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕೇ. ತಪ್ಪು ಓದಿಗೆ ಜನ ಪ್ರಾಣ ತೆತ್ತಿದ್ದಾರೆ.

1965ರ ಅಕ್ಟೋಬರ್ 28ರಂದು ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ಸ್ಪಷ್ಟ ಮಾಡಿತು. ಯೇಸುವಿನ ಸಾವಿನ ಹೊಣೆಯನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ, ಈಗಿನ ಯೆಹೂದ್ಯರ ಮೇಲಾಗಲಿ ಹೊರಿಸುವಂತಿಲ್ಲ. ಜರ್ಮನಿಯ ಓಬರಾಮರ್‌ಗೌ ಎಂಬ ಹಳ್ಳಿಯಲ್ಲಿ 1634ರಿಂದ ಯೇಸುವಿನ ಯಾತನೆಯ ನಾಟಕ ಆಡುತ್ತಿದ್ದಾರೆ. ಪ್ಲೇಗಿನ ಕಾಲದ ಹರಕೆ ಅದು. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ, ಊರಿಗೆ ಊರೇ ಪಾತ್ರ ಹಾಕುತ್ತದೆ. ಹಿಟ್ಲರ್ ಅದನ್ನು ನೋಡಿ ಹೊಗಳಿದ್ದ. ಈಚಿನ ದಶಕಗಳಲ್ಲಿ ಆ ಊರಿನವರೇ ಕೂತು ಮಾತುಗಳನ್ನು ತಿದ್ದಿದರು, ಯಾಜಕರ ಕೊಂಬಿನಂಥ ಟೋಪಿ ತೆಗೆದರು, ಯೇಸುವಿನ ಬಾಯಲ್ಲಿ ಹೀಬ್ರೂ ಪ್ರಾರ್ಥನೆ ಇಟ್ಟರು.

ಚರ್ಚು ಒಪ್ಪುತ್ತದಾ?

ಎಲ್ಲ ಮರುಓದನ್ನೂ ಒಪ್ಪುವುದಿಲ್ಲ. ಯೂದನ ಸುವಾರ್ತೆಯನ್ನು ಯಾವ ದೊಡ್ಡ ಚರ್ಚೂ ಧರ್ಮಗ್ರಂಥ ಎನ್ನುವುದಿಲ್ಲ. ಯೂದ ಮಾಡಿದ್ದು ದ್ರೋಹವೇ ಅಲ್ಲ ಎನ್ನುವುದನ್ನೂ ಒಪ್ಪುವುದಿಲ್ಲ. ಆದರೆ ಪ್ರಶ್ನೆ ಕೇಳುವುದನ್ನು ತಡೆದಿಲ್ಲ. ಕ್ಯಾಥೊಲಿಕ್ ಚರ್ಚು ಎಷ್ಟೋ ಜನರನ್ನು ಹೆಸರು ಹಿಡಿದು ಸಂತರೆಂದು ಸಾರಿದೆ. ಇಂಥವನು ನರಕದಲ್ಲಿದ್ದಾನೆ ಎಂದು ಮಾತ್ರ ಯಾರ ಹೆಸರನ್ನೂ ಸಾರಿಲ್ಲ, ಯೂದನದ್ದನ್ನೂ. 2006ರ ಅಕ್ಟೋಬರಿನಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಯೂದನ ಬಗ್ಗೆ ಮಾತಾಡುತ್ತಾ, ಅವನ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ ಎಂಬ ಅರ್ಥದ ಮಾತು ಹೇಳಿದರು.

ಫ್ರಾನ್ಸಿನ ವೆಝಲೇ ಊರಿನ ಬಸಿಲಿಕದಲ್ಲಿ, ಅಂದರೆ ದೊಡ್ಡ ಚರ್ಚಿನಲ್ಲಿ, 12ನೇ ಶತಮಾನದ ಒಂದು ಕಂಬವಿದೆ. ಅದರ ತಲೆಯ ಒಂದು ಬದಿಗೆ ಯೂದ ನೇತಾಡುತ್ತಿದ್ದಾನೆ, ನಾಲಿಗೆ ಹೊರಗೆ ಬಂದಿದೆ. ಇನ್ನೊಂದು ಬದಿಗೆ ಒಬ್ಬ ಮನುಷ್ಯ ಆ ಹೆಣವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾನೆ, ಕುರಿಗಾಹಿ ಕುರಿಯನ್ನು ಹೊರುವ ಹಾಗೆ. ಹೊತ್ತವನು ಯೇಸುವೇ ಎಂದು ಓದಿದವರಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರು. ಹಲವು ಸಲ ಅವರು ಈ ಕೆತ್ತನೆಯ ಮಾತು ತೆಗೆದಿದ್ದರು. 12ನೇ ಶತಮಾನದ ಆ ಶಿಲ್ಪಿಗೆ ಯಾವ ವಿಡಿಯೊವನ್ನೂ ಯಾರೂ ತೋರಿಸಿರಲಿಲ್ಲ.

ರೂಪಕದ ತಯಾರಿಯಲ್ಲಿ ಇಂಥ ಪ್ರಶ್ನೆ ಬಂದರೆ ಮಕ್ಕಳನ್ನು ಗದರಬೇಡಿ. ಮತ್ತಾಯದ 27ನೇ ಅಧ್ಯಾಯದ ಮೊದಲ ಹತ್ತು ವಚನ, ಅಪೊಸ್ತಲರ ಕೃತ್ಯಗಳ ಒಂದನೇ ಅಧ್ಯಾಯದ 15ರಿಂದ 20, ಎರಡನ್ನೂ ಅವರ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಅವರೇ ಹೇಳಲಿ. ವಿಡಿಯೊದಲ್ಲಿ ಕೇಳಿದ ಮಾತು ಈ ಎರಡರಲ್ಲಿ ಇದೆಯಾ, ಎರಡನೇ ಶತಮಾನದ ಬರಹದಿಂದ ಬಂದದ್ದಾ, ಅಥವಾ ಯಾರೋ ನಾಟಕಕಾರರು ಸೇರಿಸಿದ್ದಾ ಎಂದು ಆಮೇಲೆ ಹುಡುಕಿಸಿ. ಯೂದನ ಪಾತ್ರದ ಹುಡುಗ ನಾಣ್ಯ ಎಸೆಯುವ ದೃಶ್ಯ ನಿಮ್ಮ ರೂಪಕದಲ್ಲಿ ಇಲ್ಲದಿದ್ದರೆ ಸೇರಿಸಿಕೊಳ್ಳಿ. ಅದು ಮತ್ತಾಯದಲ್ಲೇ ಇದೆ.